ಎಂಟು ಗಂಟೆಯ ನಿದ್ರೆ: ನಮ್ಮದೊಂದು ತಿದ್ದುಪಡಿ

ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರೂ ಶರೀರವನ್ನು ಎತ್ತಿ ಹಿಡಿದಿರುವ ಉಪಸ್ತಂಭಗಳೆಂದು ಚರಕಸಂಹಿತೆ ಹೇಳುತ್ತದೆ. ಕಂಬಗಳಲ್ಲಿ ಒಂದು ಕುಸಿದರೂ ಮನೆ ವಾಲುತ್ತದೆ ಎಂಬುದನ್ನು ತಿಳಿಯಲು ಪಾಂಡಿತ್ಯ ಬೇಕಿಲ್ಲ. ರಾತ್ರಿಯೆಲ್ಲ ಕಣ್ಣು ಮುಚ್ಚದವನ ಮರುದಿನದ ಮುಖವನ್ನು ನೋಡಿದರೆ ಸಾಕು. ಆದುದರಿಂದ ನಿದ್ರೆಯ ಮಹತ್ವವನ್ನು ಸದ್ಭಕ್ತರಿಗೆ ಮತ್ತೊಮ್ಮೆ ಬೋಧಿಸುವುದು ಈ ಲೇಖನದ ಉದ್ದೇಶವಲ್ಲ. ನಿದ್ರೆಯನ್ನು ಕುರಿತು ವಿಜ್ಞಾನದ ಹೆಸರಿನಲ್ಲಿ ಆಡುವ ಮಾತಿನಲ್ಲಿ ಎಷ್ಟು ಎಚ್ಚರವಿರಬೇಕು ಎಂಬುದನ್ನು ಈ ತಿಂಗಳು ಹೇಳಬೇಕಾಗಿದೆ. ಅದಕ್ಕೆ ಕಾರಣವೂ ಉಂಟು: ಈ ವಿಷಯದಲ್ಲಿ ಇದೇ ಪುಟದಲ್ಲಿ ನಮ್ಮಿಂದಲೇ ಒಂದು ತಪ್ಪು ನಡೆದುಹೋಗಿದೆ.

ಶ್ರೀಮಠದ ಪ್ರಾತಃಕಾಲದ ಪೂಜೆಗೆ ತಪ್ಪದೆ ಬರುತ್ತಿದ್ದ ನಿವೃತ್ತ ಮಾಸ್ತರರೊಬ್ಬರು ಕೆಲವು ತಿಂಗಳಿಂದ ಕಾಣಿಸುತ್ತಿರಲಿಲ್ಲ. ಎಪ್ಪತ್ತು ದಾಟಿದ ಹಿರಿಯರು. ರಾತ್ರಿ ಹತ್ತಕ್ಕೆ ಮಲಗಿ, ನಸುಕಿನ ನಾಲ್ಕಕ್ಕೆ ಎದ್ದು, ಮಿಂದು, ಇಷ್ಟಲಿಂಗ ಪೂಜೆ ಮುಗಿಸಿ, ಗದ್ದುಗೆಯ ದರ್ಶನ ಪಡೆದು, ದಾಸೋಹದ ಮನೆಯಲ್ಲಿ ಒಂದಿಷ್ಟು ಕಾಯಿಪಲ್ಲೆ ಹೆಚ್ಚಿಕೊಟ್ಟು ಮನೆಗೆ ಮರಳುವುದು ನಾಲ್ಕು ದಶಕಗಳಿಂದ ಅವರ ಕ್ರಮ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆಯ ಜೊಂಪು. ಅಷ್ಟರಲ್ಲಿ ಅವರು ದಿನವಿಡೀ ಲವಲವಿಕೆಯಿಂದ ಇರುತ್ತಿದ್ದುದನ್ನು ನಾವು ಕಂಡವರು.

ಅಮಾವಾಸ್ಯೆಯ ದಿನ ಮಧ್ಯಾಹ್ನದ ಪ್ರಸಾದಕ್ಕೆ ಬಂದಾಗ ಅವರನ್ನು ವಿಚಾರಿಸಿದೆವು. 'ಏನು ಮಾಸ್ತರರೇ, ಈಚೆಗೆ ಬೆಳಗಿನ ಹೊತ್ತು ತಮ್ಮ ದರ್ಶನವೇ ಇಲ್ಲವಲ್ಲ?' ಎಂದೆವು. ಅವರು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ನಮ್ಮ ಕೈಗಿತ್ತರು. 'ಏನ್ ಮಾಡೂದ್ರೀ, ತಾವ ಬರದೀರಿ. ಎಂಟು ತಾಸು ನಿದ್ದಿ ಆಗಲಿಲ್ಲಂದ್ರ ಮರವಿನ ರೋಗ ಬರತೈತಿ ಅಂತ. ಆರು ತಾಸಿನ ಮ್ಯಾಲೆ ನನಗ ಒಂದು ಮಿನಿಟೂ ನಿದ್ದಿ ಬರವಲ್ದು' ಎಂದರು.

ಆ ಕಾಗದ ನಮ್ಮ ಪತ್ರಿಕೆಯದೇ ಕತ್ತರಿಕೆ. ಕಳೆದ ವರ್ಷ ಪುಟದ ಕೆಳಗೆ ಉಳಿದ ಜಾಗ ತುಂಬಲೆಂದು ಚೌಕಟ್ಟು ಕಟ್ಟಿ ಹಾಕಿದ ಐದು ಸಾಲು. ಪ್ರತಿಯೊಬ್ಬರಿಗೂ ಎಂಟು ಗಂಟೆ ನಿದ್ರೆ ಕಡ್ಡಾಯ. ಕಡಿಮೆಯಾದರೆ ರೋಗನಿರೋಧಕ ಶಕ್ತಿ ನಾಶ, ಕ್ಯಾನ್ಸರ್ ಭಯ ಇಮ್ಮಡಿ, ಮರೆವಿನ ರೋಗ ಖಚಿತ ಎಂದು ಅದರಲ್ಲಿತ್ತು. ಅದನ್ನು ಓದಿದ ದಿನದಿಂದ ಮಾಸ್ತರರು ರಾತ್ರಿ ಎಂಟೂವರೆಗೇ ಹಾಸಿಗೆ ಸೇರತೊಡಗಿದರು. ಹನ್ನೊಂದರವರೆಗೂ ನಿದ್ರೆ ಸುಳಿಯದು, ಗೋಡೆಯ ಗಡಿಯಾರದ ಮೇಲೇ ಕಣ್ಣು. ನಾಲ್ಕಕ್ಕೆ ಎಂದಿನಂತೆ ಎಚ್ಚರವಾದರೂ ಲೆಕ್ಕ ತುಂಬಿಸಲು ಆರೂವರೆಯವರೆಗೆ ಹೊರಳಾಟ. ಪೂಜೆಯ ಹೊತ್ತು ಮೀರಿತು, ಮಠಕ್ಕೆ ಬರುವುದು ನಿಂತಿತು. ಸಾಲದ್ದಕ್ಕೆ ಪರಿಚಯದ ಅಂಗಡಿಯೊಂದರಿಂದ ನಿದ್ರೆಯ ಗುಳಿಗೆ ತಂದು ನುಂಗತೊಡಗಿದ್ದರು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಗುಳಿಗೆ ಅದು. ವಯಸ್ಸಾದವರಲ್ಲಿ ಅಂಥ ಗುಳಿಗೆಗಳು ರಾತ್ರಿ ಎದ್ದಾಗ ತೂಕಡಿಸಿ ಬೀಳುವ ಅಪಾಯವನ್ನೂ ಹಗಲಿನ ಮಂಕನ್ನೂ ತರುತ್ತವೆ. ಮರೆವಿಗೆ ಅಂಜಿದವರು ಮಂಕು ಕವಿಸುವ ಗುಳಿಗೆಯ ಮೊರೆಹೊಕ್ಕಿದ್ದರು, ಅದೂ ನಮ್ಮ ಐದು ಸಾಲನ್ನು ನಂಬಿ.

ಐದು ಸಾಲಿನ ಮೂಲ

ಆ ಚೌಕಟ್ಟನ್ನು ನಾವು ದಿನಪತ್ರಿಕೆಯ ಪುರವಣಿಯೊಂದರಿಂದ ಎತ್ತಿಕೊಂಡಿದ್ದೆವು. ಪುರವಣಿಯವರು ಇಂಗ್ಲಿಷಿನ ಗ್ರಂಥವೊಂದರ ಸಾರಾಂಶದಿಂದ ಎತ್ತಿಕೊಂಡಿದ್ದರು. ಮೂಲವನ್ನು ಹುಡುಕುತ್ತ ಹೋದಾಗ ದೊರೆತದ್ದು 'ವೈ ವಿ ಸ್ಲೀಪ್' ಎಂಬ ಪುಸ್ತಕ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿರುವ ಮ್ಯಾಥ್ಯೂ ವಾಕರ್ ಅವರು ಬರೆದು, 2017ರಲ್ಲಿ ಪ್ರಕಟವಾಗಿ, ಜಗತ್ತಿನಾದ್ಯಂತ ಬಹಳ ಜನ ಓದಿದ ಕೃತಿ ಅದು. ನಿದ್ರೆಗೆಟ್ಟು ದುಡಿಯುವುದೇ ದೊಡ್ಡಸ್ತಿಕೆ ಎಂದು ಬೀಗುತ್ತಿದ್ದ ಕಾಲದಲ್ಲಿ ನಿದ್ರೆಗೊಂದು ಗೌರವ ತಂದುಕೊಟ್ಟ ಶ್ರೇಯಸ್ಸು ಅದಕ್ಕೆ ಸಲ್ಲಬೇಕು. ಬರೆದವರು ಆ ವಿಷಯದಲ್ಲಿ ಸಂಶೋಧನೆ ಮಾಡಿದವರೇ. ಆದುದರಿಂದಲೇ ಅದರ ಮಾತನ್ನು ಯಾರೂ ಮರುಪರೀಕ್ಷಿಸಲು ಹೋಗಲಿಲ್ಲ.

2019ರ ನವೆಂಬರಿನಲ್ಲಿ ಅಲೆಕ್ಸಿ ಗುಝೇ ಎಂಬ ತರುಣ ಬರಹಗಾರರು ಮುಖ್ಯವಾಗಿ ಅದರ ಮೊದಲ ಅಧ್ಯಾಯವನ್ನು ಹಿಡಿದು, ಅಲ್ಲಿನ ಮಾತುಗಳನ್ನು ಮೂಲ ಸಂಶೋಧನೆಗಳ ಜೊತೆ ಒಂದೊಂದಾಗಿ ತಾಳೆ ನೋಡಿದರು. ಅನೇಕ ಕಡೆ ತಾಳೆಯಾಗಲಿಲ್ಲ. ಮುಂದುವರಿದ ರಾಷ್ಟ್ರಗಳಲ್ಲೆಲ್ಲ ನಿದ್ರೆಯ ಕೊರತೆಯೆಂಬ ಸಾಂಕ್ರಾಮಿಕ ಹಬ್ಬಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದೆ ಎಂದು ಪುಸ್ತಕ ಹೇಳಿತ್ತು. ಅಂತಹ ಘೋಷಣೆಯೇ ಇರಲಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಒಂದು ಕಾಲದಲ್ಲಿ ಆ ಪದವನ್ನು ಬಳಸಿ, ಮುಂದೆ ಅದನ್ನು 'ಸಮಸ್ಯೆ' ಎಂದು ಇಳಿಸಿಕೊಂಡಿತ್ತು, ಅಷ್ಟೆ. ವಾಕರ್ ಅವರೂ ಆನಂತರ ಉತ್ತರ ಬರೆದು ಕೆಲವು ದೋಷಗಳನ್ನು ಒಪ್ಪಿಕೊಂಡರು. ಆರೇಳು ಗಂಟೆಗಿಂತ ಕಡಿಮೆ ಮಲಗುವವರಿಗೆ ಕ್ಯಾನ್ಸರಿನ ಸಂಭವ ಎರಡು ಪಟ್ಟಿಗೂ ಮಿಗಿಲು ಎಂಬುದು ಪುಸ್ತಕದ ಆರಂಭದಲ್ಲೇ ಬರುವ ಮಾತು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಡಿಮೆ ನಿದ್ರೆಗೂ ಒಟ್ಟಾರೆ ಕ್ಯಾನ್ಸರಿಗೂ ಅಂತಹ ಗಟ್ಟಿ ಸಂಬಂಧ ಕಂಡುಬಂದಿಲ್ಲ.

ಇನ್ನೊಂದು ಸಂಗತಿಯಂತೂ ಶಾಲೆಯ ಮಕ್ಕಳಿಗೂ ಅರ್ಥವಾಗುವಂಥದು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಆಟೋಟಗಳಲ್ಲಿ ತೊಡಗಿದ್ದ 112 ಮಂದಿ ಹರೆಯದ ವಿದ್ಯಾರ್ಥಿಗಳನ್ನು ಕುರಿತ ಅಧ್ಯಯನವೊಂದು 2014ರಲ್ಲಿ ಪ್ರಕಟವಾಗಿತ್ತು. ಎಂಟು ಗಂಟೆಗಿಂತ ಕಡಿಮೆ ಮಲಗುವವರಿಗೆ ಪೆಟ್ಟಾಗುವ ಸಂಭವ 1.7 ಪಟ್ಟು ಹೆಚ್ಚು ಎಂಬುದು ಅದರ ನಿರ್ಣಯ. ಮೂಲದ ನಕ್ಷೆಯಲ್ಲಿ 5, 6, 7, 8, 9 ಗಂಟೆಗಳಿಗೆ ಒಂದೊಂದು ಕಂಬ. ಪುಸ್ತಕಕ್ಕೆ ಬರುವಾಗ 5 ಗಂಟೆಯ ಕಂಬ ಮಾಯವಾಗಿತ್ತು. ಏಕೆಂದರೆ ಮೂಲದಲ್ಲಿ ಅದು 6 ಗಂಟೆಯ ಕಂಬಕ್ಕಿಂತ ಗಿಡ್ಡಾಗಿತ್ತು. ಅದನ್ನು ಉಳಿಸಿಕೊಂಡಿದ್ದರೆ ನಿದ್ರೆ ಕಡಿಮೆಯಾದಂತೆಲ್ಲ ಪೆಟ್ಟು ಹೆಚ್ಚು ಎಂಬ ಅಂದವಾದ ಮೆಟ್ಟಿಲು ಕೆಡುತ್ತಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಆಂಡ್ರ್ಯೂ ಗೆಲ್ಮನ್ ಅವರು ಈ ಮಾಯವಾದ ಕಂಬವನ್ನು ಎತ್ತಿ ತೋರಿಸಿ ಕಟುವಾಗಿ ಟೀಕಿಸಿದರು. ಮಕ್ಕಳು ಐದೇ ಗಂಟೆ ಮಲಗಿದರೂ ಸಾಕು ಎಂದು ಇದರ ಅರ್ಥವಲ್ಲ. ನೂರಹನ್ನೆರಡು ಮಂದಿಯನ್ನು ಐದು ಪಾಲು ಮಾಡಿದರೆ ಕೆಲವು ಪಾಲಿನಲ್ಲಿ ಬೆರಳೆಣಿಕೆಯ ಮಕ್ಕಳು ಉಳಿಯುವುದು ಸಹಜ, ಅಷ್ಟರಿಂದ ಬಹಳ ಗಟ್ಟಿಯಾಗಿ ಏನನ್ನೂ ಹೇಳಲಾಗದು. ಆ ಕಂಬ ಓದುಗರಿಗೆ ಹೇಳಬೇಕಾಗಿದ್ದುದು ಅದನ್ನೇ.

ವಂಶಪಾರಂಪರ್ಯವಾಗಿ ಬರುವ ಅತಿ ವಿರಳವಾದ ಒಂದು ರೋಗದಲ್ಲಿ ನಿದ್ರೆ ಪೂರ್ತಿ ಇಲ್ಲದಾಗಿ ರೋಗಿ ಸಾಯುತ್ತಾನೆ. ನಿದ್ರಾಹೀನತೆ ಜೀವ ತೆಗೆಯುತ್ತದೆ ಎಂಬುದಕ್ಕೆ ಇದನ್ನೂ ಸಾಕ್ಷಿಯಾಗಿ ಹೇಳುವುದುಂಟು. ವಾಸ್ತವದಲ್ಲಿ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು ಆ ರೋಗಿಯ ಮಿದುಳನ್ನೇ ನಾಶಮಾಡುತ್ತಿರುತ್ತದೆ. ನಿದ್ರೆ ಹೋಗುವುದು ಅದರ ಒಂದು ಲಕ್ಷಣ. ಬೆಂಕಿ ಬಿದ್ದ ಮನೆಯನ್ನು ತೋರಿಸಿ, ಹೊಗೆಯಿಂದ ಮನೆ ಕುಸಿಯಿತು ಎಂದಂತಾಯಿತು. ನಿದ್ರೆ ಬಾರದೆ ಹೊರಳುವ ಗೃಹಿಣಿಗೂ ಆ ರೋಗಕ್ಕೂ ಯಾವ ಸಂಬಂಧವೂ ಇಲ್ಲ.

ಸಂಖ್ಯೆ ಹೇಳುವುದೇನು?

ಹಾಗಾದರೆ ಎಷ್ಟು ಹೊತ್ತು ಮಲಗಬೇಕು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲವೆ? ಇದೆ, ಆದರೆ ಅದು ಒಂದೇ ಸಂಖ್ಯೆಯಲ್ಲ. ಅಮೆರಿಕದ ರಾಷ್ಟ್ರೀಯ ನಿದ್ರಾ ಪ್ರತಿಷ್ಠಾನವು 18 ಮಂದಿ ತಜ್ಞರ ಮಂಡಳಿಯನ್ನು ಕೂಡಿಸಿ 2015ರಲ್ಲಿ ಪ್ರಕಟಿಸಿದ ಸಲಹೆಯಂತೆ 6ರಿಂದ 13 ವರ್ಷದ ಮಕ್ಕಳಿಗೆ 9ರಿಂದ 11 ಗಂಟೆ, 14ರಿಂದ 17ರ ಹರೆಯದವರಿಗೆ 8ರಿಂದ 10, ವಯಸ್ಕರಿಗೆ 7ರಿಂದ 9, 65 ದಾಟಿದವರಿಗೆ 7ರಿಂದ 8 ಗಂಟೆ ಉಚಿತ. ಇಷ್ಟು ಭಾಗ ಎಲ್ಲೆಡೆ ಪ್ರಚಾರವಾಗಿದೆ. ಅದೇ ಪಟ್ಟಿಯಲ್ಲಿ ಇನ್ನೊಂದು ಅಂಕಣವಿದೆ: ಕೆಲವರಿಗೆ ಇದೂ ಯುಕ್ತವಾಗಬಹುದು ಎಂಬ ಅಂಕಣ. ಅದರಂತೆ 65 ದಾಟಿದ ಕೆಲವರಿಗೆ 5ರಿಂದ 6 ಗಂಟೆಯೂ ಸಾಕಾಗಬಹುದು. ಪುಸ್ತಕದಿಂದ ಪುರವಣಿಗೆ, ಪುರವಣಿಯಿಂದ ನಮ್ಮ ಚೌಕಟ್ಟಿಗೆ ಇಳಿಯುವಾಗ ಬಿದ್ದುಹೋದದ್ದು ಆ ಅಂಕಣ. ಮಾಸ್ತರರಂಥವರಿಗೆ ಬೇಕಾಗಿದ್ದುದೂ ಅದೇ ಅಂಕಣ.

(ಎಂಟು ಎಂಬ ಸಂಖ್ಯೆಗೆ ವೈದ್ಯಶಾಸ್ತ್ರದ ಹೊರಗೂ ಒಂದು ಇತಿಹಾಸವಿದೆ. ಕಾರ್ಖಾನೆಗಳಲ್ಲಿ ಕಾರ್ಮಿಕರು ಹದಿನಾಲ್ಕು ಗಂಟೆ ದುಡಿಯುತ್ತಿದ್ದ ಕಾಲದಲ್ಲಿ, 1817ರಲ್ಲಿ, ರಾಬರ್ಟ್ ಓವೆನ್ ಎಂಬ ಸುಧಾರಕರು ಇಪ್ಪತ್ನಾಲ್ಕು ಗಂಟೆಯನ್ನು ದುಡಿಮೆ, ವಿನೋದ, ವಿಶ್ರಾಂತಿಗಳಿಗೆ ಎಂಟೆಂಟರಂತೆ ಹಂಚಿದರು. ಕಾಯಕಜೀವಿಗಳ ಪರವಾದ ಆ ಕೂಗು ಘನವಾದುದೇ. ಅದು ನ್ಯಾಯದ ಲೆಕ್ಕ, ನಾಡಿಯ ಲೆಕ್ಕವಲ್ಲ.)

ಹೆಚ್ಚು ಮಲಗಿದಷ್ಟೂ ಆಯುಷ್ಯ ಹೆಚ್ಚು ಎಂಬ ಮಾತೂ ನಿಲ್ಲುವುದಿಲ್ಲ. ಅಮೆರಿಕದ ಕ್ಯಾನ್ಸರ್ ಸೊಸೈಟಿಯು 1982ರಲ್ಲಿ ಸಂಗ್ರಹಿಸಿದ, 11 ಲಕ್ಷ ಜನರ ಮಾಹಿತಿಯನ್ನು ಡೇನಿಯಲ್ ಕ್ರಿಪ್ಕೆ ಮತ್ತು ಸಂಗಡಿಗರು ವಿಶ್ಲೇಷಿಸಿ 2002ರಲ್ಲಿ ಪ್ರಕಟಿಸಿದರು. ಅತ್ಯಂತ ಕಡಿಮೆ ಸಾವು ಕಂಡದ್ದು ರಾತ್ರಿ 7 ಗಂಟೆ ಮಲಗುತ್ತೇವೆ ಎಂದವರಲ್ಲಿ. ತೀರ ಕಡಿಮೆ ಮಲಗುವವರಲ್ಲಿ ಸಾವು ಹೆಚ್ಚು. 8 ಗಂಟೆ ಮತ್ತು ಅದಕ್ಕಿಂತ ಹೆಚ್ಚು ಮಲಗುವವರಲ್ಲೂ ಹೆಚ್ಚು. ಇದನ್ನು ಓದಿ ನಾಳೆಯಿಂದ ಗಡಿಯಾರಕ್ಕೆ ಏಳು ಗಂಟೆಯ ಕೀಲಿ ಕೊಟ್ಟರೆ ಅದೂ ಹಳೆಯ ತಪ್ಪಿನ ಹೊಸ ರೂಪವೇ. ಬಹಳ ಹೊತ್ತು ಮಲಗುವವರಲ್ಲಿ ಒಳಗೊಳಗೆ ಯಾವುದೋ ಕಾಯಿಲೆಯೋ ಖಿನ್ನತೆಯೋ ಇದ್ದು, ಅದರಿಂದಲೇ ಮಲಗುವುದು ಹೆಚ್ಚಾಗಿರಬಹುದು. ಎರಡು ಸಂಗತಿಗಳು ಜೊತೆಜೊತೆಯಾಗಿ ಕಂಡಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ. ಕೊಡೆ ಹಿಡಿದವರು ಹೆಚ್ಚಾದ ದಿನವೇ ಮಳೆಯೂ ಬರುತ್ತದೆ. ಕೊಡೆಯಿಂದ ಮಳೆ ಬಂತೆನ್ನುವವರಿಲ್ಲ.

ಹಾಸಿಗೆಯ ಮೇಲಿದ್ದ ಹೊತ್ತು ಬೇರೆ, ನಿದ್ರಿಸಿದ ಹೊತ್ತು ಬೇರೆ ಎಂಬ ಸಣ್ಣ ಭೇದವೂ ಇಂತಹ ಬರಹಗಳಲ್ಲಿ ಕರಗಿಹೋಗುತ್ತದೆ. ಷಿಕಾಗೋ ನಗರದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜನರು ತಾವು ಮಲಗಿದ್ದೇವೆಂದು ಹೇಳಿದ ಹೊತ್ತು, ಕೈಗೆ ಕಟ್ಟಿದ ಸಾಧನ ಅಳೆದ ಹೊತ್ತಿಗಿಂತ ಸರಾಸರಿ ಮುಕ್ಕಾಲು ಗಂಟೆಗೂ ತುಸು ಹೆಚ್ಚಿತ್ತು. ವಿದ್ಯುತ್ ದೀಪ, ಟಿ.ವಿ., ಮೊಬೈಲುಗಳೇ ನಮ್ಮ ನಿದ್ರೆಯನ್ನು ಕದ್ದವು, ಹಿಂದಿನವರು ಹೊತ್ತು ಮುಳುಗುತ್ತಲೇ ಮಲಗಿ ಒಂಬತ್ತು ಗಂಟೆ ನಿದ್ರಿಸುತ್ತಿದ್ದರು ಎಂಬ ನಂಬಿಕೆಯನ್ನೂ ಒಮ್ಮೆ ಪರೀಕ್ಷಿಸಿದ್ದಾರೆ. ಟಾಂಜಾನಿಯಾದ ಹಡ್ಜಾ, ನಮೀಬಿಯಾದ ಸಾನ್, ಬೊಲಿವಿಯಾದ ಚಿಮಾನೆ ಎಂಬ ಮೂರು ಸಮುದಾಯಗಳಲ್ಲಿ, ವಿದ್ಯುತ್ತಿನ ಬೆಳಕಿಲ್ಲದೆ ಬಾಳುವ ಜನರ ನಿದ್ರೆಯನ್ನು ಅಳೆದ ಸಂಶೋಧನೆ 2015ರಲ್ಲಿ ಹೊರಬಂತು. ಅವರು ಹೊತ್ತು ಮುಳುಗಿದ ಎಷ್ಟೋ ತಾಸಿನ ಮೇಲೆ ಮಲಗುತ್ತಿದ್ದರು. ವಾಸ್ತವವಾಗಿ ನಿದ್ರಿಸುತ್ತಿದ್ದುದು 5.7ರಿಂದ 7.1 ಗಂಟೆ. ಮಲಗಲು ಹೋಗುವುದಕ್ಕೂ ಏಳುವುದಕ್ಕೂ ನಡುವಿನ ಅವಧಿ ಮಾತ್ರ 6.9ರಿಂದ 8.5 ಗಂಟೆ. ಯಾವ ಸಂಖ್ಯೆಯನ್ನು ಎತ್ತಿಕೊಳ್ಳುತ್ತೀರಿ ಎಂಬುದರ ಮೇಲೆ ಆ ಜನ ಕಡಿಮೆ ಮಲಗುವವರೂ ಆಗಬಹುದು, ಬೇಕಾದಷ್ಟು ಮಲಗುವವರೂ ಆಗಬಹುದು.

ಮಿದುಳು ತೊಳೆಯುವ ಕಥೆ

ನಿದ್ರೆಯಲ್ಲಿ ಮಿದುಳು ತನ್ನ ಕಸವನ್ನು ತಾನೇ ತೊಳೆದುಕೊಳ್ಳುತ್ತದೆ ಎಂಬ ಮಾತು ವಾಟ್ಸ್‌ಆ್ಯಪಿನಲ್ಲಿ ಭಕ್ತರಿಗೆಲ್ಲ ತಲುಪಿರಬಹುದು. (ರಾತ್ರಿ ಹನ್ನೊಂದರಿಂದ ಒಂದರವರೆಗೆ ಪಿತ್ತಕೋಶ, ಒಂದರಿಂದ ಮೂರರವರೆಗೆ ಯಕೃತ್ತು ಶುದ್ಧಿಯಾಗುತ್ತವೆ ಎಂಬ ಸಂದೇಶವೂ ಅದರ ಜೊತೆ ಬರುತ್ತದೆ, ಅದು ಚೀನೀ ಪರಂಪರೆಯ ಕಲ್ಪನೆಯೇ ಹೊರತು ಶರೀರಶಾಸ್ತ್ರದ ಪ್ರಯೋಗದಿಂದ ಬಂದುದಲ್ಲ.) ಮಿದುಳಿನ ಮಾತಿಗೆ ಮಾತ್ರ ನಿಜವಾದ ಪ್ರಯೋಗದ ಆಧಾರವಿದೆ. ರಾಚೆಸ್ಟರ್ ವಿಶ್ವವಿದ್ಯಾಲಯದ ಮೈಕೆನ್ ನೆಡರ್‌ಗಾರ್ಡ್ ಅವರ ತಂಡ 2013ರಲ್ಲಿ, ನಿದ್ರೆಯಲ್ಲಿ ಮಿದುಳಿನ ಕೋಶಗಳ ನಡುವಿನ ಜಾಗ ಸುಮಾರು ಶೇ. 60ರಷ್ಟು ಹಿಗ್ಗಿ ದ್ರವದ ಹರಿವು ಹೆಚ್ಚುತ್ತದೆ ಎಂದು ತೋರಿಸಿತು. ತೋರಿಸಿದ್ದು ಇಲಿಗಳಲ್ಲಿ. 2024ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡವೊಂದು ಬೇರೆ ವಿಧಾನದಿಂದ, ಇಲಿಗಳಲ್ಲೇ, ಪರೀಕ್ಷಿಸಿ ಅದಕ್ಕೆ ವಿರುದ್ಧವಾದುದನ್ನು ಕಂಡಿತು: ನಿದ್ರೆಯಲ್ಲಿ ಆ ತೊಳೆಯುವ ಕೆಲಸ ತಗ್ಗುತ್ತದೆ. ಯಾರು ಸರಿ ಎಂಬ ಚರ್ಚೆ ಇನ್ನೂ ನಡೆದಿದೆ. ಪ್ರಯೋಗಶಾಲೆಯಲ್ಲಿ ಪ್ರಶ್ನೆ ತೆರೆದೇ ಇರುವಾಗ ನಮ್ಮ ಮೊಬೈಲಿನಲ್ಲಿ ಮಾತ್ರ ತೀರ್ಪು ಎಂದೋ ಬಂದುಬಿಟ್ಟಿದೆ. ಇಲಿಯಲ್ಲಿ ಕಂಡದ್ದನ್ನು 'ಇಲಿಯಲ್ಲಿ' ಎಂಬ ಒಂದು ಪದ ಸೇರಿಸಿ ಹೇಳಿದ್ದರೆ ಎಷ್ಟೋ ಭಯ ತಪ್ಪುತ್ತಿತ್ತು ಎಂದು ನಮಗೆ ತೋರುತ್ತದೆ.

ನಿಜವಾದ ಅಪಾಯ ಎಲ್ಲಿದೆ?

ಇಷ್ಟು ಹೇಳಿದ ಮೇಲೆ, ನಿದ್ರೆ ಕೆಟ್ಟರೇನೂ ಚಿಂತೆಯಿಲ್ಲ ಎಂದು ಯಾರಾದರೂ ಭಾವಿಸಿದರೆ ಅದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರೋಗ್ಯವಂತ ತರುಣರಿಗೆ ಎರಡು ವಾರ ರಾತ್ರಿಗೆ ಆರೇ ಗಂಟೆ ಹಾಸಿಗೆಯಲ್ಲಿರಲು ಅವಕಾಶ ಕೊಟ್ಟರು. ದಿನದಿನಕ್ಕೆ ಅವರ ಗಮನಶಕ್ತಿ ಕುಸಿಯುತ್ತ ಹೋಯಿತು. ಆದರೆ ತಾವು ಕುಸಿದಿದ್ದೇವೆ ಎಂಬ ಅರಿವು ಅವರಿಗೆ ಆ ಪ್ರಮಾಣದಲ್ಲಿ ಇರಲಿಲ್ಲ. ಅವರು ಮಾಮೂಲಾಗಿ ಅದಕ್ಕಿಂತ ಹೆಚ್ಚು ಮಲಗುತ್ತಿದ್ದವರು; ಅವರ ನಿದ್ರೆಯನ್ನು ಹೊರಗಿನಿಂದ ಕತ್ತರಿಸಲಾಗಿತ್ತು. ನಿದ್ರೆ ಬರುತ್ತಿದ್ದರೂ ಮಲಗಲು ಬಿಡದಿರುವುದು ಒಂದು, ತಾನಾಗಿ ಆರು ಗಂಟೆಗೆ ತೃಪ್ತನಾಗಿ ಏಳುವುದು ಇನ್ನೊಂದು. ರಾತ್ರಿ ಒಂದರವರೆಗೆ ಮೊಬೈಲು ನೋಡಿ ಆರಕ್ಕೆ ಟ್ಯೂಷನ್ನಿಗೆ ಓಡುವ ಹುಡುಗ ಮೊದಲನೆಯ ಸಾಲಿಗೆ ಸೇರಿದವನು. ಅವನ ತಂದೆತಾಯಿಗಳು ಮಾಸ್ತರರ ಕಥೆಯಿಂದ ಸಮಾಧಾನ ಪಡಬಾರದು.

ಮಹಾಶಿವರಾತ್ರಿಯ ಜಾಗರಣೆಯಿಂದ ಆರೋಗ್ಯ ಕೆಡುವುದೇ ಎಂದು ಪ್ರತಿವರ್ಷ ಕೆಲವು ಭಕ್ತರು ಕೇಳುತ್ತಾರೆ. ಆರೋಗ್ಯವಂತರಿಗೆ ವರ್ಷಕ್ಕೊಂದು ರಾತ್ರಿಯ ಜಾಗರಣೆಯಿಂದ ಶಾಶ್ವತವಾದ ಹಾನಿಯೆಂದು ಹೆದರಬೇಕಾಗಿಲ್ಲ. ಮರುದಿನದ ಒಂದೆರಡು ರಾತ್ರಿಗಳ ಗಾಢ ನಿದ್ರೆಯಲ್ಲಿ ಶರೀರ ಚೇತರಿಸಿಕೊಳ್ಳುತ್ತದೆ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರೂ ಮೂರ್ಛೆರೋಗವುಳ್ಳವರೂ ಮಾತ್ರ ವೈದ್ಯರನ್ನು ಕೇಳಿಯೇ ಉಪವಾಸ, ಜಾಗರಣೆಗಳಿಗೆ ತೊಡಗಬೇಕು. ಅಪಾಯ ಇರುವುದು ಮರುದಿನ ಬೆಳಿಗ್ಗೆ, ರಸ್ತೆಯಲ್ಲಿ. 1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು, ಸತತ 17 ಗಂಟೆ ಎಚ್ಚರವಿದ್ದವರ ಕಣ್ಣು ಮತ್ತು ಕೈಗಳ ಹೊಂದಾಣಿಕೆ ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು ಕಂಡರು. 24 ಗಂಟೆಗೆ ಅದು ಶೇ. 0.10ರ ಮಟ್ಟ ಮುಟ್ಟುತ್ತದೆ. ನಮ್ಮ ದೇಶದ ಕಾನೂನು ವಾಹನ ನಡೆಸುವವರಿಗೆ ವಿಧಿಸಿರುವ ಮಿತಿ ಶೇ. 0.03. ಇದೂ ಒಂದು ಬಗೆಯ ಪರೀಕ್ಷೆಯ ಫಲಿತಾಂಶವೇ, ಎಲ್ಲ ಕೆಲಸಕ್ಕೂ ಹಾಗೇ ಅನ್ವಯಿಸುವುದಿಲ್ಲ ಎಂಬುದನ್ನು ಸೇರಿಸಿಯೇ ಹೇಳುತ್ತಿದ್ದೇವೆ. ಆದರೂ ರಾತ್ರಿಯಿಡೀ ಭಜನೆಯಲ್ಲಿ ಕುಳಿತವರು ಬೆಳಗಿನ ಮಂಗಳಾರತಿ ಮುಗಿಯುತ್ತಲೇ ಕುಟುಂಬವನ್ನು ಕಾರಿನಲ್ಲಿ ಕೂರಿಸಿಕೊಂಡು ನೂರು ಕಿಲೋಮೀಟರು ಹೊರಡಬೇಡಿ. ಯಾತ್ರಿನಿವಾಸದಲ್ಲಿ ಮಲಗಿ, ಪ್ರಸಾದ ಸ್ವೀಕರಿಸಿ ಹೊರಡಿ.

ರಾತ್ರಿಪಾಳಿಯಲ್ಲಿ ದುಡಿಯುವ ದಾದಿಯರು, ಬಸ್ಸಿನ ಚಾಲಕರು, ಕಾವಲುಗಾರರು ನಮ್ಮ ಭಕ್ತರಲ್ಲಿ ಬಹಳ ಮಂದಿ ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರಾತ್ರಿಪಾಳಿಯನ್ನು 2007ರಲ್ಲಿ, ಮತ್ತೆ 2019ರಲ್ಲಿ, 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ವರ್ಗಕ್ಕೆ ಸೇರಿಸಿದ್ದು ನಿಜ. ಆ ವರ್ಗೀಕರಣ ಹೇಳುವುದು ಸಾಕ್ಷ್ಯ ಎಷ್ಟು ಬಲವಾಗಿದೆ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಆ ಸುದ್ದಿ ಓದಿ ಕಾಯಕ ಬಿಡುವ ಯೋಚನೆ ಬೇಡ. ಹಗಲಿನಲ್ಲಿ ಕತ್ತಲೆ ಮಾಡಿದ ಕೋಣೆಯಲ್ಲಿ ಅವರನ್ನು ಯಾರೂ ಎಬ್ಬಿಸದಂತೆ ಮನೆಯವರು ನೋಡಿಕೊಳ್ಳಲಿ. ಅಷ್ಟು ಉಪಕಾರ ಬಹಳ ಮನೆಗಳಲ್ಲಿ ಆಗುತ್ತಿಲ್ಲ.

ಭಯವೇ ನಿದ್ರೆಯ ಶತ್ರುವಾದಾಗ

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈಗ ನಿದ್ರೆಯೇ ಚಿಂತೆಯ ವಿಷಯವಾಗಿದೆ. ಕೈಗಡಿಯಾರದಂಥ ಯಂತ್ರಗಳು ತೋರಿಸುವ ನಿದ್ರೆಯ ಅಂಕಿಗಳನ್ನು ಸರಿಪಡಿಸುವ ಹಟದಲ್ಲೇ ನಿದ್ರೆ ಕೆಡಿಸಿಕೊಂಡು ಬರುವ ರೋಗಿಗಳನ್ನು ಕಂಡು, ಅಮೆರಿಕದ ವೈದ್ಯರು 2017ರಲ್ಲಿ ಅದಕ್ಕೆ 'ಆರ್ಥೋಸಾಮ್ನಿಯಾ' ಎಂಬ ಹೆಸರನ್ನೇ ಇಟ್ಟರು. ನಿದ್ರೆಯ ಸ್ವಭಾವವೇ ಹಾಗೆ. ಹಸಿವಾದರೆ ಎದ್ದು ಹೋಗಿ ಉಣ್ಣಬಹುದು. ನಿದ್ರೆಯನ್ನು ಎದ್ದು ಹೋಗಿ ತರಲಾಗದು. ಪ್ರಯತ್ನ ಹೆಚ್ಚಿದಷ್ಟೂ ಅದು ದೂರ ಸರಿಯುತ್ತದೆ.

ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದುದು ಗುಳಿಗೆಯಲ್ಲ, ವರ್ತನೆ ಮತ್ತು ಆಲೋಚನೆಗಳನ್ನು ತಿದ್ದುವ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಸಂಸ್ಥೆಯೊಂದು 2016ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆ ಚಿಕಿತ್ಸೆಯ ಒಂದು ಮುಖ್ಯ ಅಂಗವನ್ನು 1987ರಲ್ಲಿ ಆರ್ಥರ್ ಸ್ಪೀಲ್ಮನ್ ಎಂಬವರು ವಿವರಿಸಿದರು. ರೋಗಿಯು ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದು ಆರು ಗಂಟೆ ಮಾತ್ರ ನಿದ್ರಿಸುತ್ತಿದ್ದರೆ, ಹಾಸಿಗೆಯ ಹೊತ್ತನ್ನೇ ಆರು ಗಂಟೆಯ ಸಮೀಪಕ್ಕೆ ಇಳಿಸುತ್ತಾರೆ. ನಿದ್ರೆ ಗಟ್ಟಿಯಾದ ಮೇಲೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತಾರೆ. ನಿದ್ರೆ ಬಾರದಿದ್ದರೆ ಎದ್ದು ಬೇರೆ ಕಡೆ ಕುಳಿತು, ಕಣ್ಣೆಳೆದಾಗ ಮಾತ್ರ ಹಾಸಿಗೆಗೆ ಮರಳಬೇಕು. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು. ನಮ್ಮ ಚೌಕಟ್ಟಿನ ಬರಹ ಮಾಸ್ತರರಿಗೆ ಹೇಳಿದ್ದಕ್ಕೆ ಇದು ನೇರ ವಿರುದ್ಧ. ಈ ಕ್ರಮವನ್ನು ವೈದ್ಯರ ಮಾರ್ಗದರ್ಶನದಲ್ಲೇ ಮಾಡಬೇಕು. ಮೂರ್ಛೆರೋಗ, ತೀವ್ರ ಮನೋವ್ಯಾಧಿ ಉಳ್ಳವರಿಗೂ ವಾಹನ ನಡೆಸಿ ಬದುಕುವವರಿಗೂ ಇದು ತಾನಾಗಿ ಮಾಡಿಕೊಳ್ಳುವಂಥದಲ್ಲ.

ಗಂಟೆಗಳನ್ನು ಎಣಿಸುವ ಗಲಾಟೆಯಲ್ಲಿ ಎಣಿಕೆಗೆ ಸಿಗದ ಒಂದು ರೋಗ ಕಣ್ಣು ತಪ್ಪಿಸಿಕೊಳ್ಳುತ್ತಿದೆ. ಎಂಟು ಗಂಟೆ ಮಲಗಿದರೂ ಹಗಲಿನಲ್ಲಿ ಕುಳಿತಲ್ಲೇ ತೂಕಡಿಸುವವರು, ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗಿ ಏದುಸಿರಿನಿಂದ ಎಚ್ಚರಗೊಳ್ಳುವವರು ವೈದ್ಯರನ್ನು ತಪ್ಪದೆ ಕಾಣಬೇಕು. ನಿದ್ರೆಯಲ್ಲಿ ಉಸಿರಾಟ ಕಟ್ಟುವ ಈ ಕಾಯಿಲೆ ರಕ್ತದೊತ್ತಡ, ಹೃದಯದ ತೊಂದರೆಗಳ ಜೊತೆ ನಂಟುಳ್ಳದ್ದು ಮತ್ತು ಚಿಕಿತ್ಸೆಯುಳ್ಳದ್ದು. ಇದನ್ನು ಮೊದಲು ಕಾಣುವವರು ಬಹುತೇಕ ಪಕ್ಕದಲ್ಲಿ ಮಲಗಿದ ಮನೆಯವರೇ. ಅವರ ಮಾತನ್ನು ನಗೆಯಲ್ಲಿ ತೇಲಿಸಬೇಡಿ.

ಇನ್ನು ಮುಂದೆ ಈ ವಿಭಾಗದಲ್ಲಿ ಆರೋಗ್ಯದ ಸಂಗತಿಯನ್ನು ಬರೆಯುವಾಗ, ಅದು ಯಾರ ಮೇಲೆ ನಡೆದ ಪರೀಕ್ಷೆ, ಮನುಷ್ಯರೋ ಇಲಿಗಳೋ, ಎಷ್ಟು ಮಂದಿ, ಯಾವ ವಯಸ್ಸಿನವರು ಎಂಬುದನ್ನು ತಿಳಿದಷ್ಟು ಹೇಳಿಯೇ ಬರೆಯುತ್ತೇವೆ. ಜಾಗ ಸಾಲದಿದ್ದರೆ ಆ ಸಂಗತಿಯನ್ನೇ ಬಿಡುತ್ತೇವೆ. ಕಳೆದ ವರ್ಷದ ಆ ಐದು ಸಾಲನ್ನು ಕತ್ತರಿಸಿ ಇಟ್ಟುಕೊಂಡ ಭಕ್ತರು ಇನ್ನೂ ಇದ್ದರೆ ದಯವಿಟ್ಟು ಅದನ್ನು ತೆಗೆದುಹಾಕಬೇಕೆಂದು ಕೋರುತ್ತೇವೆ.

ಮಾಸ್ತರರನ್ನು ಅವರ ಮಗನ ಜೊತೆ ವೈದ್ಯರ ಬಳಿಗೆ ಕಳುಹಿಸಿದೆವು. ಅಂಥ ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸಬಾರದಾದ್ದರಿಂದ ವಾರವಾರಕ್ಕೂ ಇಳಿಸುತ್ತ ಬಂದು ನಿಲ್ಲಿಸಿದರಂತೆ. ಗೋಡೆಯ ಗಡಿಯಾರ ಪಡಸಾಲೆಗೆ ಹೋಗಿದೆ. ಮಲಗುವುದು ಮತ್ತೆ ಹತ್ತಕ್ಕೆ, ಏಳುವುದು ನಾಲ್ಕಕ್ಕೆ. ಕಳೆದ ಸೋಮವಾರ ದಾಸೋಹದ ಮನೆಯಲ್ಲಿ ಬದನೆಕಾಯಿ ಹೆಚ್ಚುತ್ತ ಕುಳಿತಿದ್ದರು. ನಿದ್ರೆ ಹೇಗಿದೆ ಎಂದು ಕೇಳಿದೆವು. ಒಂದೊಂದು ದಿನ ಎರಡಕ್ಕೇ ಎಚ್ಚರಾಗುತ್ತದೆ, ಆಗ ಎದ್ದು ಕುಳಿತು ಲಿಂಗಧ್ಯಾನ ಮಾಡುತ್ತೇನೆ, ಮತ್ತೆ ಬಂದರೆ ಮಲಗುತ್ತೇನೆ, ಬಾರದಿದ್ದರೆ ಇಲ್ಲ ಎಂದು ಹೇಳಿ, ಮುಂದಿನ ಬದನೆಕಾಯಿಗೆ ಕೈ ಹಾಕಿದರು.